ಅತ್ತೆಯ ಕಿವಿಯಲ್ಲಿ ಲೋಥಲ್

ರೋಮ್ ನಗರ ಮಾಡಿದ್ದನ್ನು ಅಹಮದಾಬಾದಿನ ನವರಂಗಪುರದ ಒಬ್ಬ ವಿಮಾ ನೌಕರ ಮಾಡಲಾರನೇ? ಮಾಡಬಲ್ಲ! ಮಾಡಿಯೇ ತೋರಿಸುತ್ತಾನೆ! ಹೀಗೆಂದು ನಾನು ಪ್ರತಿಜ್ಞೆ ಮಾಡಿದಾಗ ನನ್ನ ಕೈಯಲ್ಲಿ ಒಂದು ಥೇಪ್ಲಾ ಇತ್ತು. ಗುಜರಾತಿಗಳ ಈ ಮೆಂತ್ಯದ ಚಪಾತಿಯನ್ನು ನಾನು ಎಷ್ಟೋ ಸಲ ತಿಂದಿದ್ದೇನೆ. ಆದರೆ ಇದು ಸಾಮಾನ್ಯ ಥೇಪ್ಲಾ ಅಲ್ಲ, ರೋಮ್ ನೋಡಿಕೊಂಡು ಅಹಮದಾಬಾದಿಗೆ ಮರಳಿದ ಥೇಪ್ಲಾ.

ನಮ್ಮ ಮ್ಯಾನೇಜರ್ ರಮಣಭಾಯಿ ಆ ವರ್ಷ, ಅಂದರೆ ೧೯೯೬ರಲ್ಲಿ, ದೀಪಾವಳಿಯ ರಜೆಗೆ ಹೆಂಡತಿಯೊಂದಿಗೆ ಯುರೋಪಿಗೆ ಹೋಗಿದ್ದರು. ಬುತ್ತಿಯಲ್ಲಿ ಉಳಿದದ್ದನ್ನು ಆಫೀಸಿಗೆ ತಂದು ಪ್ರಸಾದದಂತೆ ಹಂಚುತ್ತಾ ರೋಮಿನ ಕಥೆ ಹೇಳಿದರು. ಅಲ್ಲಿ ಎರಡು ಸಾವಿರ ವರ್ಷ ಹಳೆಯ ಪಾಳುಕಟ್ಟಡಗಳಿವೆಯಂತೆ. ನೋಡಲು ಬಂದವರ ಕೊರಳಿಗೆ ಒಂದು ಡಬ್ಬಿ ತೂಗುಹಾಕಿ, ಕಿವಿಗೆ ಒಂದು ಯಂತ್ರ ಸಿಕ್ಕಿಸುತ್ತಾರಂತೆ. ಇಲ್ಲಿ ನಿಲ್ಲಿ, ಬಲಕ್ಕೆ ನೋಡಿ, ಇದು ಸ್ನಾನದ ಮನೆ, ಅದು ಮಾರುಕಟ್ಟೆ ಎಂದು ಎಲ್ಲವನ್ನೂ ಡಬ್ಬಿಯೇ ಹೇಳುತ್ತದಂತೆ. ಗೈಡ್ ಎಂಬ ಮನುಷ್ಯನೇ ಬೇಡವಂತೆ.

"ಎಲ್ಲಕ್ಕಿಂತ ದೊಡ್ಡ ಸುಖ ಏನು ಗೊತ್ತೇ?" ಎಂದರು ರಮಣಭಾಯಿ. "ಸಾಕು ಅನಿಸಿದಾಗ ಡಬ್ಬಿಯ ಗುಂಡಿ ಒತ್ತಿ ಬಾಯಿ ಮುಚ್ಚಿಸಬಹುದು. ಗೈಡಿನ ಬಾಯಿಗೆ ಗುಂಡಿ ಇರುವುದಿಲ್ಲ."

ಎಲ್ಲರೂ ನಕ್ಕರು. ನಾನು ನಗಲಿಲ್ಲ. ಯಾಕೆಂದರೆ ವಿವರಿಸುವವರ ಜಾತಿಗೆ ಸೇರಿದವನು ನಾನು. ನಮ್ಮ ಮನೆತನದಲ್ಲಿ ಡಿಗ್ರಿ ಮಾಡಿದ ಮೊದಲ ಪ್ರಾಣಿ. ಬಾಗಲಕೋಟೆಯ ಕಡೆಯ ನಮ್ಮೂರಿನಲ್ಲಿ ಔಷಧದ ಬಾಟಲಿಯ ಮೇಲೆ ಬರೆದದ್ದನ್ನೂ ಬಸ್ಸಿನ ಬೋರ್ಡನ್ನೂ ಓದಿ ಹೇಳಲು ನನ್ನನ್ನೇ ಕರೆಯುತ್ತಿದ್ದರು. ನಾನು ಬರೀ ಓದಿ ಬಿಡುತ್ತಿರಲಿಲ್ಲ. ಆ ಬಸ್ಸು ಹೋಗುವ ಊರಿನ ಇತಿಹಾಸವನ್ನೂ ಹೇಳುತ್ತಿದ್ದೆ. ಬಸ್ಸು ಹೊರಟುಹೋಗುತ್ತಿತ್ತು. ಅದು ಬೇರೆ ಮಾತು.

ನಮ್ಮ ಊರಿಂದ ಅಷ್ಟು ದೂರದ ಅಹಮದಾಬಾದಿಗೆ ವರ್ಗವಾಗಿ ಬಂದ ಮೇಲೆ ನನಗೆ ಸಿಕ್ಕ ಅತಿ ದೊಡ್ಡ ನಿಧಿ, ಸಮೀಪದಲ್ಲೇ ಇರುವ ಸಿಂಧೂ ನಾಗರಿಕತೆಯ ಪಾಳು ಊರು ಲೋಥಲ್. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಹಡಗುಗಳು ಬಂದು ನಿಲ್ಲುತ್ತಿದ್ದ ಬಂದರು! ರೋಮಿಗೆ ಅಜ್ಜಿಯಾಗುವಂಥ ಊರು! ಅಲ್ಲಿ ಮಾತಾಡುವ ಡಬ್ಬಿ ಇರಲಿ, ನೆಟ್ಟಗೆ ಮಾತಾಡುವ ಮನುಷ್ಯನೂ ಸಿಗುವುದಿಲ್ಲ. ಈ ಅನ್ಯಾಯವನ್ನು ಸರಿಪಡಿಸಲು ನನ್ನ ಬಳಿ ಎಲ್ಲವೂ ಇತ್ತು. ಜ್ಞಾನವಿತ್ತು, ಧ್ವನಿಯಿತ್ತು, ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು. ಕೇಳುವ ಕಿವಿಯೊಂದು ಬೇಕಿತ್ತು. ಅದೂ ಮನೆಯಲ್ಲೇ ಇತ್ತು. ನನ್ನ ಅತ್ತೆಯದು.

ಹೆಂಡತಿ ಗಿರಿಜಾಳ ತಮ್ಮ ಚಂದ್ರಶೇಖರ ದೀಪಾವಳಿಗೆ ಅತ್ತೆಯನ್ನು ಕರೆತಂದು, ಸಂಕ್ರಾಂತಿಗೆ ಬಂದು ಕರೆದುಕೊಂಡು ಹೋಗುತ್ತೇನೆಂದು ಬಿಟ್ಟು ಹೋಗಿದ್ದ. ಹೊರಡುವಾಗ ನನ್ನ ಕೈ ಹಿಡಿದು, "ಮಾವ, ಅವ್ವನ್ನ ನಿಮ್ಮ ಕೈಯಾಗ ಇಟ್ಟು ಹೊಂಟೀನಿ. ಆಕಿಗೆ ಇಲ್ಲಿ ಭಾಷಾ ಬರಂಗಿಲ್ಲ, ದಿಕ್ಕು ತಿಳ್ಯಂಗಿಲ್ಲ" ಎಂದಿದ್ದ. ಅವ್ವನಿಗೆ ಭಜನೆ ಕೇಳಲೆಂದು ತನ್ನ ವಾಕ್‌ಮನ್ನನ್ನೂ ಬಿಟ್ಟು ಹೋಗಿದ್ದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅತ್ತೆಯಾದವಳು ಅಳಿಯನ ಎದುರು ನಿಂತು ಮಾತಾಡುವ ಪದ್ಧತಿಯಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಬಾಗಿಲಿನ ಮರೆಯಿಂದ, ಮಗಳ ಮೂಲಕ ಮಾತು ಕಳಿಸುತ್ತಾರೆ. ನಾನು ಅಡುಗೆಮನೆಯಲ್ಲೇ ನಿಂತಿದ್ದರೂ "ಅವರಿಗೆ ಊಟಕ್ಕ ಏಳಂತ ಹೇಳು" ಎಂದು ಗಿರಿಜಾಳಿಗೆ ಹೇಳುತ್ತಾರೆ. ನಾನು "ಬಂದೆ ಅಂತ ಹೇಳು" ಎನ್ನುತ್ತೇನೆ. ನಡುವೆ ನಿಂತ ಗಿರಿಜಾ ಯಾರಿಗೂ ಏನೂ ಹೇಳದೆ ತಟ್ಟೆ ಇಡುತ್ತಾಳೆ. ಮದುವೆಯಾಗಿ ಹತ್ತು ವರ್ಷವಾದರೂ ಅತ್ತೆ ನನ್ನೊಂದಿಗೆ ನೇರವಾಗಿ ಒಂದು ಮಾತನ್ನೂ ಆಡಿರಲಿಲ್ಲ.

ಅತ್ತೆಗೆ ಅಹಮದಾಬಾದಿನಲ್ಲಿ ಇದ್ದದ್ದು ಒಂದೇ ದುಃಖ. ದಿನಾ ಗುಡಿಗೆ ಹೋಗಬೇಕು, ದಾರಿ ತಿಳಿಯದು, ಬೋರ್ಡು ಓದಲು ಬಾರದು. ಗಿರಿಜಾ ಶಾಲೆಯಲ್ಲಿ ಪಾಠ ಹೇಳಲು ಬೆಳಗ್ಗೆಯೇ ಹೊರಡುತ್ತಾಳೆ. ಇದನ್ನು ಕೇಳಿದ್ದೇ ನನ್ನೊಳಗಿನ ರೋಮ್ ಎದ್ದು ಕುಳಿತಿತು. ಮೊದಲು ಮನೆಯಿಂದ ಮಹಾದೇವನ ಗುಡಿಗೆ ಹೋಗಿಬರುವ ದಾರಿಯನ್ನು ಕ್ಯಾಸೆಟ್ಟಿಗೆ ಹಾಕಿದೆ. ಸುದ್ದಿ ಓದುವವರ ಧ್ವನಿಯಲ್ಲಿ, ನಡೆಯುವ ಹೊತ್ತಿಗೆ ತಕ್ಕಂತೆ ನಡುನಡುವೆ ಟೇಪನ್ನು ಖಾಲಿ ಬಿಡುತ್ತಾ, ಗಂಭೀರವಾಗಿ ಹೇಳಿದೆ. ಮರಳಿ ಬರುವ ಭಾಗ ಹೀಗಿತ್ತು:

"ಎಡಕ್ಕೆ ತಿರುಗಿ ನೇರವಾಗಿ ನಡೆಯಿರಿ. ದಾರಿಯಲ್ಲಿ ದನಗಳು ಅಡ್ಡ ಮಲಗಿರುತ್ತವೆ. ಹೆದರಬೇಡಿರಿ, ಬಳಸಿಕೊಂಡು ಹೋಗಿರಿ. ಯಾರಾದರೂ ಮಾತಾಡಿಸಿದರೆ ನಕ್ಕು ಮುಂದೆ ನಡೆಯಿರಿ. ಬೇವಿನ ಮರದ ಬಳಿ ಬಲಕ್ಕೆ ತಿರುಗಿರಿ. ಎದುರಿಗೆ ನೀಲಿ ಬಾಗಿಲು ಕಾಣುತ್ತದೆ. ಚಪ್ಪಲಿಗಳನ್ನು ಹೊರಗೆ ಬಿಡಿರಿ. ಒಳಗೆ ಹೋಗಿ ಕುಳಿತುಕೊಳ್ಳಿರಿ. ಕುಡಿಯಲು ನೀರು ಕೇಳಿರಿ."

ರೆಕಾರ್ಡಿಂಗ್ ಮುಗಿಯುವವರೆಗೆ ಉಸಿರು ಹಿಡಿದುಕೊಂಡಿದ್ದ ಗಿರಿಜಾ ಆಮೇಲೆ ಕೇಳಿದಳು, "ನಮ್ಮ ಮನ್ಯಾಗ ನಮ್ಮವ್ವ ನೀರು ಕೇಳೋದನ್ನೂ ನೀವ ಕಲಿಸಬೇಕೇನ್ರಿ?"

"ಕೆಲಸ ಅಂದಮ್ಯಾಲ ಪೂರ್ತಿ ಇರಬೇಕು" ಎಂದೆ.

ಅದ್ಭುತ ಯಶಸ್ಸು! ಅತ್ತೆ ಸೊಂಟಕ್ಕೆ ವಾಕ್‌ಮನ್ ಸಿಕ್ಕಿಸಿ, ಸೆರಗಿನ ಒಳಗೆ ಹೆಡ್‌ಫೋನ್ ಹಾಕಿಕೊಂಡು ದಿನಾ ಗುಡಿಗೆ ಹೋಗಿ, ದಿನಾ ಮನೆಗೇ ಮರಳಿದರು. ಒಂದು ತಿಂಗಳಾಗುವಷ್ಟರಲ್ಲಿ ಡಬ್ಬಿಯ ಹಂಗಿಲ್ಲದೆ ಓಡಾಡತೊಡಗಿದರು. ಕ್ಯಾಸೆಟ್ಟಿನ ಒಂದೊಂದು ಮಾತೂ ಅವರಿಗೆ ಬಾಯಿಪಾಠ. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ನನ್ನ ಮಾತು ದುಭಾಷಿಯಿಲ್ಲದೆ ಅತ್ತೆಯ ಕಿವಿ ಮುಟ್ಟಿತ್ತು. ನನಗಾದ ಹೆಮ್ಮೆಯನ್ನು ಏನೆಂದು ಹೇಳಲಿ! ಇನ್ನು ಲೋಥಲ್ಲೇ ಗುರಿ ಎಂದು ನಿಶ್ಚಯಿಸಿದೆ.

ಎರಡು ಭಾನುವಾರ ಒಬ್ಬನೇ ಲೋಥಲ್ಲಿಗೆ ಹೋಗಿ ಎಲ್ಲಿ ನಿಲ್ಲಬೇಕು, ಎಲ್ಲಿ ತಿರುಗಬೇಕು ಎಂದು ನೋಡಿಬಂದೆ. ರಾತ್ರಿ ಕುಳಿತು ಬರೆದೆ. ಬರೆದದ್ದನ್ನು ಗಿರಿಜಾಳಿಗೆ ಓದಿ ಹೇಳಿದೆ. ಅವಳು ನಿದ್ದೆ ಮಾಡಿದ್ದನ್ನು ತನ್ಮಯತೆ ಎಂದು ತಿಳಿದು ಇನ್ನಷ್ಟು ಸೇರಿಸಿದೆ. ಗುಡಿಯ ದಾರಿ ಅತ್ತೆಗೆ ಪಾಠವಾಗಿತ್ತಲ್ಲ, ಆ ಕ್ಯಾಸೆಟ್ ಸುಮ್ಮನೆ ಬಿದ್ದಿತ್ತು. ಅದರ ಮೇಲೆಯೇ ಲೋಥಲ್ಲನ್ನು ಹಾಕಿದೆ. "ಇಲ್ಲಿಗೆ ಲೋಥಲ್ ದರ್ಶನ ಮುಗಿಯಿತು, ಕಾಲಪುರುಷನಿಗೆ ನಮಸ್ಕಾರ" ಎಂಬ ಕೊನೆಯ ಸಾಲನ್ನು ಹೇಳಿ ನಾನೇ ಕೈ ಮುಗಿದೆ. ಪೂರ್ತಿ ಕೇಳಿ ನೋಡಿದಾಗ ಆ ಸಾಲಿಗೆ ಬಂದೊಡನೆ ಕಣ್ಣೊರೆಸಿಕೊಂಡು ಟೇಪ್ ನಿಲ್ಲಿಸಿಬಿಟ್ಟೆ. ಅಲ್ಲಿಂದ ಮುಂದೆ ಏನಿದೆ ಎಂದು ಕೇಳುವ ಬುದ್ಧಿ ಬರಲಿಲ್ಲ.

ಸಂಕ್ರಾಂತಿಗೆ ಮುಂಚಿನ ಒಂದು ಭಾನುವಾರ ಹೊರಟೆವು. ನಮ್ಮ ಆಫೀಸಿನ ಪಕ್ಕದ ಉಡುಪಿ ಹೋಟೆಲಿನ ಸುಬ್ರಹ್ಮಣ್ಯ ತರಕಾರಿ ತರುವ ತನ್ನ ಮೆಟಡಾರ್ ವ್ಯಾನನ್ನು ತಾನೇ ಓಡಿಸಿಕೊಂಡು ಬಂದ. ಬುತ್ತಿಗೆ ಇಡ್ಲಿಯ ದೊಡ್ಡ ಡಬ್ಬಿಯನ್ನೂ ಇಟ್ಟುಕೊಂಡಿದ್ದ. ಲೋಥಲ್ಲಿನ ಗೇಟಿನ ಬಳಿ ಇಳಿದು ಸುತ್ತ ನೋಡಿ ಅವನಾಡಿದ ಮೊದಲ ಮಾತು ನನಗೆ ಇನ್ನೂ ನೆನಪಿದೆ.

"ಇದೆಂತದು ಮಾರಾಯ್ರೇ, ಕಟ್ಟುವುದಕ್ಕೆ ಶುರು ಮಾಡಿ ಬಿಟ್ಟ ಹಾಗೆ ಉಂಟಲ್ಲ."

ಇತಿಹಾಸವೇ ಅವನಿಗೆ ಉತ್ತರ ಕೊಡಲಿ ಎಂದು ವಾಕ್‌ಮನ್ನಿನ ಗುಂಡಿ ಒತ್ತಲು ಗಿರಿಜಾಳ ಮೂಲಕ ಹೇಳಿಕಳಿಸಿದೆ. ಅತ್ತೆ ಒತ್ತಿದರು. ಯಾತ್ರೆ ಆರಂಭವಾಯಿತು! ಮುಂದೆ ಅತ್ತೆ, ಹಿಂದೆ ಮರ್ಯಾದೆಯ ಅಂತರದಲ್ಲಿ ನಾನು, ನನ್ನ ಹಿಂದೆ ಗಿರಿಜಾ, ಅವಳ ಹಿಂದೆ ಹೊಟ್ಟೆ ಸವರಿಕೊಳ್ಳುತ್ತಾ ಸುಬ್ರಹ್ಮಣ್ಯ. ಕೇಳುತ್ತಿದ್ದವರು ಒಬ್ಬರೇ ಆದರೂ ಮೆರವಣಿಗೆಗೆ ಕೊರತೆಯಿರಲಿಲ್ಲ.

ಮೊದಲ ಎಡವಟ್ಟು ಬೇಗನೇ ಆಯಿತು. ನಾನು ಟೇಪಿನಲ್ಲಿ ಖಾಲಿ ಬಿಟ್ಟದ್ದು ನನ್ನ ನಡಿಗೆಗೆ ತಕ್ಕಂತೆ. ಅತ್ತೆಯ ಮೊಣಕಾಲಿಗೆ ನನ್ನ ನಡಿಗೆ ಎಲ್ಲಿ ಬರಬೇಕು? ನನ್ನ ಧ್ವನಿ ಮುಂದೆ ಮುಂದೆ ಹೋಯಿತು, ಅತ್ತೆ ಹಿಂದೆ ಉಳಿದರು. ಕ್ಯಾಸೆಟ್ಟಿನಲ್ಲಿ ನಾನು "ಈಗ ನಿಮ್ಮ ಪಾದದ ಬಳಿ ಇರುವುದು ಅಗ್ನಿಕುಂಡ. ಪ್ರಾಚೀನರು ಇಲ್ಲಿ ಭಕ್ತಿಯಿಂದ ಪೂಜಿಸುತ್ತಿದ್ದರು" ಎಂದಾಗ ಅವರ ಪಾದದ ಬಳಿ ಇದ್ದದ್ದು ಬೇರೆಯೇ. ಅತ್ತೆ ಅಲ್ಲಿಯೇ ಕುಳಿತು, ಸೊಂಟದ ಚೀಲದಿಂದ ಕುಂಕುಮ ತೆಗೆದು ಇಟ್ಟಿಗೆಗಳಿಗೆ ಹಚ್ಚಿ, ತುರುಬಿನ ಸೇವಂತಿಗೆಯನ್ನು ಏರಿಸಿ, ಗಲ್ಲ ಬಡಿದುಕೊಂಡು ನಮಸ್ಕಾರ ಮಾಡಿದರು. ಕಾವಲುಗಾರ ಕೈಯೆತ್ತಿಕೊಂಡು ಓಡಿ ಬಂದ.

ಸುಬ್ರಹ್ಮಣ್ಯ ಬಗ್ಗಿ ಬೋರ್ಡನ್ನು ಓದಿ ನನ್ನ ಕಿವಿಯಲ್ಲಿ ಹೇಳಿದ, "ಮಾರಾಯ್ರೇ, ಇದು ಬಚ್ಚಲಿನ ನೀರು ಹೋಗುವ ಚರಂಡಿ."

ನಾಲ್ಕು ಸಾವಿರ ವರ್ಷಗಳಲ್ಲಿ ಆ ಚರಂಡಿಗೆ ಅಂಥ ಗೌರವ ಸಿಕ್ಕಿರಲಿಕ್ಕಿಲ್ಲ. ಗಿರಿಜಾ ತನ್ನ ಕರವಸ್ತ್ರ ಒದ್ದೆ ಮಾಡಿ ಇತಿಹಾಸದ ಹಣೆಯ ಕುಂಕುಮವನ್ನು ಒರೆಸಿದಳು. ಅತ್ತೆಗೆ ನಿಜ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅವರು ತೃಪ್ತಿಯಿಂದ ಮುಂದೆ ನಡೆದರು.

ಬಂದರಿನ ಕಟ್ಟೆ ಮುಟ್ಟುವಷ್ಟರಲ್ಲಿ ಅತ್ತೆಯ ಕಾಲುಗಳು ಸೋತಿದ್ದವು. ಇಟ್ಟಿಗೆಯಿಂದ ಕಟ್ಟಿದ ಆ ದೊಡ್ಡ ಹೊಂಡದಲ್ಲಿ ಹಸಿರು ನೀರು ನಿಂತಿತ್ತು. ನನ್ನ ಪ್ರಕಾರ ಇಡೀ ಕ್ಯಾಸೆಟ್ಟಿನ ಅತ್ಯುತ್ತಮ ಭಾಗ ಶುರುವಾಗುವುದೇ ಅಲ್ಲಿ. ಅವರನ್ನು ಮರದ ನೆರಳಿನಲ್ಲಿ ಕೂರಿಸಿ, ಇಲ್ಲೇ ಕುಳಿತು ಉಳಿದದ್ದನ್ನು ಕೇಳಲಿ ಎಂದು ಗಿರಿಜಾಳಿಂದ ಹೇಳಿಸಿ, ನಾವು ಮೂವರು ಪಕ್ಕದ ಮ್ಯೂಸಿಯಂ ನೋಡಲು ಹೋದೆವು. ಒಂದು ಕ್ಷಣ ಒಳಗೆ ಹೋಗಿಬರುವುದು ಎಂದುಕೊಂಡಿದ್ದೆವು. ಆದರೆ ಮಣಿಗಳ ಪೆಟ್ಟಿಗೆಯ ಎದುರು ಸುಬ್ರಹ್ಮಣ್ಯ ಅರಿಯದೆ ಒಂದು ಪ್ರಶ್ನೆ ಕೇಳಿಬಿಟ್ಟ. ಅಷ್ಟು ಸಣ್ಣ ಮಣಿಗೆ ತೂತು ಹೇಗೆ ಮಾಡುತ್ತಿದ್ದರು ಎಂದ. ನನಗೆ ಪ್ರಶ್ನೆ ಕೇಳುವುದೆಂದರೆ ಅಣೆಕಟ್ಟಿನ ಬಾಗಿಲು ಎತ್ತಿದ ಹಾಗೆ. ನಾನು ನಿಲ್ಲಿಸುವ ಹೊತ್ತಿಗೆ ಅವನು ಗೋಡೆಗೆ ಒರಗಿದ್ದ, ಗಿರಿಜಾ ಹೊರಗೆ ಹೋಗಿದ್ದಳು.

ಮರುಕ್ಷಣ ಅವಳು ಬಾಗಿಲಲ್ಲಿ ನಿಂತಿದ್ದಳು. ಮುಖದಲ್ಲಿ ರಕ್ತವಿರಲಿಲ್ಲ.

"ಅವ್ವ ಇಲ್ಲ."

ಮರದ ಕೆಳಗೆ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಇರಲಿಲ್ಲ. ವ್ಯಾನಿನಲ್ಲಿ ಇರಲಿಲ್ಲ. ಸುಬ್ರಹ್ಮಣ್ಯ ಇಡ್ಲಿ ಡಬ್ಬಿಯ ಹಿಂದೆಯೂ ನೋಡಿದ. ನಾನು ಗೋದಾಮಿನ ದಿಬ್ಬ ಹತ್ತಿ ಇಳಿದೆ, ಬಾವಿಯೊಳಗೆ ಇಣುಕಿದೆ, ನಾನೇ ವರ್ಣಿಸಿದ ಒಂದೊಂದು ಜಾಗವನ್ನೂ ಓಡುತ್ತಾ ನೋಡಿದೆ. ಬೆಳಿಗ್ಗೆ ಮಹಾನಗರದಂತೆ ಕಂಡಿದ್ದ ಲೋಥಲ್ ಈಗ ಬರೀ ತಗ್ಗು ದಿಣ್ಣೆಯಾಗಿ ಕಂಡಿತು. ಗಿರಿಜಾ ಮಾತ್ರ ಎಲ್ಲಿಗೂ ಓಡಲಿಲ್ಲ. ಹೊಂಡದ ಅಂಚಿನಲ್ಲಿ ನಿಂತು ಆ ಹಸಿರು ನೀರನ್ನೇ ನೋಡುತ್ತಿದ್ದಳು. ನಾನೂ ಅವಳ ಪಕ್ಕ ಹೋಗಿ ನಿಂತು ಆ ನೀರನ್ನೇ ನೋಡಿದೆ. ಭಾಷೆ ಬಾರದ, ದಿಕ್ಕು ತಿಳಿಯದ ತಾಯಿಯನ್ನು ಮಗ ನನ್ನ ಕೈಯಲ್ಲಿ ಇಟ್ಟು ಹೋಗಿದ್ದ. ನಾನು ಆಕೆಯನ್ನು ನನ್ನ ಧ್ವನಿಯ ಕೈಯಲ್ಲಿ ಇಟ್ಟು ಮಣಿ ನೋಡಲು ಹೋಗಿದ್ದೆ.

"ಒದರ್ರಿ" ಎಂದಳು ಗಿರಿಜಾ. "ನಿಮ್ಮ ಗಂಟಲ ದೊಡ್ಡದೈತಿ. ಅವ್ವನ್ನ ಕೂಗ್ರಿ."

ಬಾಯಿ ತೆರೆದೆ. ಏನೆಂದು ಕೂಗುವುದು? ಹತ್ತು ವರ್ಷಗಳಲ್ಲಿ ನಾನು ಅವರನ್ನು ಏನೆಂದೂ ಕರೆದಿರಲಿಲ್ಲ! ಹೆಸರು ಹಿಡಿದು ಕೂಗುವಂತಿಲ್ಲ. ಕೊನೆಗೆ "ಗಿರಿಜಾನ ಅವ್ವಾ" ಎಂದು ಕೂಗಿದೆ. ಜಾಲಿಯ ಪೊದೆಯಿಂದ ಎರಡು ನವಿಲು ಹಾರಿದವು. ಅತ್ತೆಯ ಎರಡೂ ಕಿವಿಗಳಲ್ಲಿ ಹೆಡ್‌ಫೋನ್ ಇದ್ದದ್ದು ಆಮೇಲೆ ನೆನಪಾಯಿತು. ಹೊರಗೆ ನಾನು ಎಷ್ಟು ಕೂಗಿದರೇನು, ಒಳಗೂ ನಾನೇ ಮಾತಾಡುತ್ತಿದ್ದೆನಲ್ಲ.

ಅಷ್ಟರಲ್ಲಿ ಕಾವಲುಗಾರ ಸೈಕಲ್ ಹಿಡಿದ ಒಬ್ಬ ಹಳ್ಳಿಯವನನ್ನು ಕರೆತಂದ. ಆ ಮನುಷ್ಯ ಗುಜರಾತಿಯಲ್ಲಿ ಹೇಳಿದ್ದು ಇಷ್ಟು. ತಲೆಗೆ ಸೆರಗು ಹೊದ್ದ ಒಬ್ಬ ಅಜ್ಜಿ ಎಡಗಡೆಯ ದಾರಿ ಹಿಡಿದು ಹಳ್ಳಿಯ ಕಡೆಗೆ ಹೋದದ್ದನ್ನು ನೋಡಿದ್ದಾನೆ. ಗುಜರಾತಿಗಳು ತಾಯಿಯನ್ನು 'ಬಾ' ಎಂದು ಕರೆಯುವಂತೆ ಕರೆದು, ಎಲ್ಲಿಗೆ ಹೊರಟಿರಿ ಎಂದು ಕೇಳಿದ್ದಾನೆ. ಅವರು ಉತ್ತರವನ್ನೇ ಕೊಡಲಿಲ್ಲವಂತೆ.

"ಚೆನ್ನಾಗಿ ನಕ್ಕರು, ನಕ್ಕು ಮುಂದೆ ನಡೆದರು" ಎಂದ.

ನಕ್ಕು ಮುಂದೆ ನಡೆದರು. ಈ ವಾಕ್ಯವನ್ನು ನಾನು ಎಲ್ಲೋ ಕೇಳಿದ್ದೇನೆ. ಕೇಳುವುದೇನು, ನಾನೇ ಬರೆದಿದ್ದೇನೆ! ಲೋಥಲ್ ದರ್ಶನ ಮುಗಿದ ಮೇಲೂ ಕ್ಯಾಸೆಟ್ ಮುಗಿದಿರಲಿಲ್ಲ. ಲೋಥಲ್ ಮುಟ್ಟದೆ ಉಳಿದ ಟೇಪಿನಲ್ಲಿ ಗುಡಿಯಿಂದ ಮನೆಗೆ ಬರುವ ನವರಂಗಪುರದ ದಾರಿ ಅಳಿಯದೆ ಹಾಗೆಯೇ ಕುಳಿತಿತ್ತು. ಕಾಲಪುರುಷನಿಗೆ ನಮಸ್ಕಾರ ಮಾಡಿಸಿದ ನನ್ನ ಧ್ವನಿ, ಸ್ವಲ್ಪ ಸುಧಾರಿಸಿಕೊಂಡು, ಎಡಕ್ಕೆ ತಿರುಗಿರಿ ಎಂದಿತ್ತು. ಅಳಿಯನ ಮಾತಿಗೆ ಎದುರಾಡದ ನನ್ನ ಅತ್ತೆ ಎಡಕ್ಕೆ ತಿರುಗಿದ್ದರು.

ಗಿರಿಜಾಳಿಗೆ ಹೇಳಿದೆ. ಅವಳು ನನ್ನನ್ನು ಒಂದು ಸಲ ನೋಡಿದಳು. ಆ ನೋಟವನ್ನು ಇಲ್ಲಿ ವರ್ಣಿಸುವುದಿಲ್ಲ. ಎಷ್ಟೇ ವಿವರಿಸುವ ಚಟವಿದ್ದರೂ ಕೆಲವನ್ನು ಬಿಡಬೇಕಾಗುತ್ತದೆ.

"ಮುಂದ ಏನಂತ ಐತಿ ಅದರಾಗ?" ಎಂದಳು.

ಆಗ ಶುರುವಾಯಿತು ನೋಡಿ, ನಾನು ತಯಾರಿಸಿದ ಪ್ರವಾಸವನ್ನು ನಾನೇ ಮಾಡುವ ಯೋಗ! ಎಡಕ್ಕೆ ತಿರುಗಿ ನೇರವಾಗಿ ಓಡಿದೆ. ಹಿಂದೆ ಗಿರಿಜಾ, ಅವಳ ಹಿಂದೆ ಏದುಸಿರು ಬಿಡುತ್ತಾ ಸುಬ್ರಹ್ಮಣ್ಯ. ಹಳ್ಳಿಯ ಬಾಯಿಗೆ ಬಂದಾಗ ದಾರಿಗೆ ಅಡ್ಡವಾಗಿ ಎಮ್ಮೆಗಳು ಮಲಗಿದ್ದವು. ಹೆದರಬೇಡಿರಿ, ಬಳಸಿಕೊಂಡು ಹೋಗಿರಿ. ಹೆದರುತ್ತಲೇ ಬಳಸಿಕೊಂಡು ಹೋದೆ. ಕಟ್ಟೆಯ ಮೇಲೆ ಕುಳಿತವರು ಯಾರು, ಎಲ್ಲಿಂದ ಎಂದು ಕೇಳಿದರು. ನಗಲು ಪ್ರಯತ್ನಿಸಿದೆ, ಆಗಲಿಲ್ಲ. ಇನ್ನು ಬೇವಿನ ಮರ. ಆ ದೇವರ ದಯೆ ನೋಡಿ, ಗುಜರಾತಿನ ಹಳ್ಳಿಯಲ್ಲಿ ಬೇವಿನ ಮರವಿಲ್ಲದ ಓಣಿಯಿಲ್ಲ. ಆದರೆ ಅಲ್ಲಿ ಒಂದಲ್ಲ, ಮೂರು ಬೇವಿನ ಮರ, ಮೂರು ಓಣಿ. ಯಾವ ಮರದ ಬಳಿ ಬಲಕ್ಕೆ ತಿರುಗುವುದು? ಕ್ಯಾಸೆಟ್ಟಿನಲ್ಲಿ ಅದಿರಲಿಲ್ಲ. ಎಲ್ಲವನ್ನೂ ಪೂರ್ತಿ ಹೇಳುವವನು ಅದೊಂದನ್ನು ಹೇಳಿರಲಿಲ್ಲ. ನಾನು ಮೊದಲ ಓಣಿಯತ್ತ ಹೊರಟೆ, ಸುಬ್ರಹ್ಮಣ್ಯ ಎರಡನೆಯದಕ್ಕೆ.

"ನಿಂದರ್ರಿ" ಎಂದಳು ಗಿರಿಜಾ.

ನಾವು ನಿಂತೆವು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಮೂರನೆಯ ಓಣಿಯಿಂದ ಸಣ್ಣಗೆ ಒಂದು ಸಪ್ಪಳ ಬರುತ್ತಿತ್ತು. ಟಪ್ ಟಪ್, ಟಪ್ ಟಪ್, ಆಮೇಲೆ ಒಂದು ಸಣ್ಣ ಬಿಡುವು, ಮತ್ತೆ ಟಪ್ ಟಪ್.

"ಇದು ಅವ್ವ ರೊಟ್ಟಿ ಬಡಿಯೋ ಸಪ್ಪಳ" ಎಂದಳು. "ಇದನ್ನ ಕೇಳ್ಕೋತ ಬೆಳದೀನಿ ನಾನು."

ಅವಳು ಓಡಿದಳು. ಓಣಿಯ ಕೊನೆಯಲ್ಲಿ ನೀಲಿ ಬಾಗಿಲು. ಬಾಗಿಲ ಹೊರಗೆ, ಒಂದರ ಪಕ್ಕ ಒಂದು ಒಪ್ಪವಾಗಿ ಬಿಟ್ಟಿದ್ದ ಅತ್ತೆಯ ಚಪ್ಪಲಿಗಳು. ಆ ಹಳೆಯ ಚರ್ಮದ ಚಪ್ಪಲಿಗಳನ್ನು ನೋಡಿ ನನ್ನ ಕಣ್ಣಲ್ಲಿ ನೀರು ಬಂತು. ಇಡೀ ಲೋಥಲ್ಲಿನಲ್ಲಿ ನಾನು ಕಂಡ ಅತ್ಯಂತ ಸುಂದರವಾದ ಅವಶೇಷ ಅವು!

ಒಳಗೆ ಒಲೆಯ ಮುಂದೆ ಅತ್ತೆ ಕುಳಿತಿದ್ದರು. ಹೆಡ್‌ಫೋನ್ ಕೊರಳಿಗೆ ಇಳಿದಿತ್ತು. ಪಕ್ಕದಲ್ಲಿ ಖಾಲಿಯಾದ ನೀರಿನ ಚೊಂಬು, ಅರ್ಧ ಕುಡಿದ ಮಜ್ಜಿಗೆಯ ಲೋಟ. ಎದುರಿಗೆ ಮನೆಯೊಡತಿ. ಆಕೆಯ ಹೆಸರು ಜೀವಿಬೆನ್ ಎಂದು ಆಮೇಲೆ ತಿಳಿಯಿತು. ಆಕೆ ಸಜ್ಜೆಯ ರೊಟ್ಟಿಯನ್ನು ಎರಡೂ ಅಂಗೈಗಳ ನಡುವೆ ತಿರುಗಿಸುತ್ತಾ ತಟ್ಟುತ್ತಿದ್ದಳು, ಅತ್ತೆ ಅದೇ ಹಿಟ್ಟನ್ನು ತಮ್ಮ ಜೋಳದ ರೊಟ್ಟಿಯ ರೀತಿಯಲ್ಲಿ ಒಂದು ಮಣೆಯ ಮೇಲೆ ಬಡಿದು ತೋರಿಸುತ್ತಿದ್ದರು. ಆಕೆ ಗುಜರಾತಿಯಲ್ಲಿ, ಇವರು ಕನ್ನಡದಲ್ಲಿ, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದೆ ಇಬ್ಬರೂ ಬಿಡುವಿಲ್ಲದೆ ಮಾತಾಡುತ್ತಿದ್ದರು. ಆಗಾಗ ಒಟ್ಟಿಗೇ ನಗುತ್ತಿದ್ದರು. ಯಾರೋ ದಣಿದ ಅಜ್ಜಿ ಬಂದು, ಚಪ್ಪಲಿ ಬಿಟ್ಟು, ಒಳಗೆ ಕುಳಿತು, ಬಾಯಿಗೆ ಹೆಬ್ಬೆರಳು ತೋರಿಸಿ ನೀರು ಕೇಳಿದಳು, ಕೊಟ್ಟೆವು, ಅದರಲ್ಲಿ ಕೇಳುವುದೇನಿದೆ ಎಂದು ಜೀವಿಬೆನ್ ನಮಗೇ ತಿರುಗಿ ಕೇಳಿದಳು.

ನಾನು ನೇರವಾಗಿ ಒಳಗೆ ನುಗ್ಗಿದ್ದೆ. ನನ್ನನ್ನು ಕಂಡು ಅತ್ತೆ ಹಿಟ್ಟಿನ ಕೈಯಲ್ಲೇ ಸೆರಗು ಎಳೆದುಕೊಂಡರು.

"ಗಿರಿಜಾ, ಅವರಿಗೆ ಚಪ್ಪಲಿ ಹೊರಗ ಬಿಡಾಕ ಹೇಳು."

ನಾನು ಹೊರಗೆ ಹೋಗಿ ಚಪ್ಪಲಿ ಬಿಟ್ಟು ಬಂದೆ.

ಗಿರಿಜಾ ಅವ್ವನ ತೋಳು ಹಿಡಿದುಕೊಂಡು ಅಳುತ್ತಲೇ ಬಯ್ದಳು. ಹೇಳದೆ ಕೇಳದೆ ಹಿಂಗ ಯಾಕ ಬಂದಿ, ನೀರಾಗ ಬಿದ್ದಿ ಅಂತ ಮಾಡಿದ್ದೆ ಎಂದಳು. ಅತ್ತೆ ಶಾಂತವಾಗಿ ಮುಂದಿನ ರೊಟ್ಟಿಗೆ ಹಿಟ್ಟು ತೆಗೆದುಕೊಳ್ಳುತ್ತಾ ಅಂದರು, "ಅಳಿಯಂದಿರು ಹೇಳ್ಯಾರ, ಬಂದೀನಿ."

ಆ ಮಾತು ನನ್ನನ್ನು ಬದುಕಿಸಿತು! ಅತ್ತೆ ಇದನ್ನೆಲ್ಲ ನನ್ನದೇ ಏರ್ಪಾಡು ಎಂದು ತಿಳಿದಿದ್ದಾರೆ! ಪಾಳು ನೋಡಿ ದಣಿದವರಿಗೆ ಒಂದು ಮನೆ, ನೀರು, ಮಜ್ಜಿಗೆ, ಮಾತಿಗೆ ಜೊತೆ. ರೋಮಿನಲ್ಲೂ ಇಂಥ ವ್ಯವಸ್ಥೆ ಇರಲಿಕ್ಕಿಲ್ಲ. ಗಿರಿಜಾ ನನ್ನತ್ತ ನೋಡಿದಳು, ನಾನು ಛಾವಣಿ ನೋಡಿದೆ. ಎಲ್ಲರೂ ಅಲ್ಲಿಯೇ ಕುಳಿತು ಬಿಸಿ ರೊಟ್ಟಿ, ಬೆಲ್ಲ, ಬೆಣ್ಣೆ ತಿಂದೆವು. ಸುಬ್ರಹ್ಮಣ್ಯ ಓಡಿಹೋಗಿ ವ್ಯಾನಿನಿಂದ ಇಡ್ಲಿ ಡಬ್ಬಿ ತಂದು ಜೀವಿಬೆನ್‌ಳ ಮನೆಗೆ ಕೊಟ್ಟ. ಅವಳು ಒಂದನ್ನು ಒತ್ತಿ ನೋಡಿ, ಅದನ್ನು ತಮ್ಮ ಕಡೆಯ ಹಬೆಯ ತಿಂಡಿ ಢೋಕ್ಲಾ ಎಂದೇ ತಿಳಿದು, ಅರಿಶಿನ ಹಾಕಲು ಮರೆತಿರಾ ಎಂದು ಮರುಕದಿಂದ ಕೇಳಿದಳು. ಹೊರಡುವಾಗ ಅವರಿಬ್ಬರೂ ಅಕ್ಕತಂಗಿಯರಂತೆ ಕೈ ಹಿಡಿದುಕೊಂಡು ನಿಂತರು. ಅತ್ತೆಯ ತುರುಬಿನಲ್ಲಿ ಉಳಿದಿದ್ದ ಇನ್ನೊಂದು ಸೇವಂತಿಗೆ ಜೀವಿಬೆನ್‌ಳ ತಲೆಗೆ ಏರಿತು. ಚರಂಡಿಗೆ ಹೋದ ಹೂವಿಗಿಂತ ಇದು ಒಳ್ಳೆಯ ಜಾಗ ಸೇರಿತು.

ವ್ಯಾನು ಹೊರಟಿತು. ಮುಂದೆ ಸುಬ್ರಹ್ಮಣ್ಯನ ಪಕ್ಕ ನಾನು, ಹಿಂದೆ ತಾಯಿ ಮಗಳು. ಮೈ ಹಗುರವಾಗಿತ್ತು. ಅತ್ತೆ ಸುಖವಾಗಿದ್ದಾರೆ, ಚಂದ್ರಶೇಖರನಿಗೆ ಮುಖ ತೋರಿಸಬಹುದು, ಹೊಟ್ಟೆ ತುಂಬಿದೆ. ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನು ನಿದ್ದೆ ಮಾಡಬೇಕು. ನಾನು ಮಾತಾಡಿದೆ.

ನೋಡು ಗಿರಿಜಾ, ಎಂದು ಶುರು ಮಾಡಿದೆ. ಒಂದು ಒಳ್ಳೆಯ ಕ್ಯಾಸೆಟ್ ಅಂದರೆ ಹೀಗಿರಬೇಕು. ಕೇಳುವವರಲ್ಲಿ ಎಷ್ಟು ನಂಬಿಕೆ ಹುಟ್ಟಿಸಿದರೆ ಅಪರಿಚಿತ ಊರಿನಲ್ಲಿ ಕೂಡ ಅವರು ಹೆದರದೆ ನಡೆದಾರು! ಅತ್ತೆಯವರು ಒಂದು ಕ್ಷಣವಾದರೂ ಸಂಶಯಪಟ್ಟರೇ? ಇಲ್ಲ. ಧ್ವನಿಯ ಶಕ್ತಿ ಅಂದರೆ ಅದು. ಇನ್ನು ಮುಂದೆ ಪಾವಾಗಢದ ಕೋಟೆಯ ಕ್ಯಾಸೆಟ್ ಮಾಡುತ್ತೇನೆ, ಆಮೇಲೆ ಮೊಢೇರಾದ ಸೂರ್ಯನ ಗುಡಿಯದು, ಆಮೇಲೆ ಪಾಟಣದ ಮೆಟ್ಟಿಲುಬಾವಿ. ಅತ್ತೆಯವರೇ ಎಲ್ಲಕ್ಕೂ ಮೊದಲ ಶ್ರೋತೃ. ಹೀಗೆ ಬಗೋದರಾದ ಕೂಡುರಸ್ತೆ ದಾಟುವವರೆಗೂ ಹೇಳಿದೆ. ಗಿರಿಜಾ ಹೂಂ ಎನ್ನುವುದನ್ನೂ ನಿಲ್ಲಿಸಿದ್ದಳು. ಸುಬ್ರಹ್ಮಣ್ಯ ಹಾರ್ನ್ ಹೊಡೆಯುವ ಅಗತ್ಯವಿಲ್ಲದ ಕಡೆಯೂ ಹೊಡೆಯತೊಡಗಿದ್ದ.

ಆಗ ಹಿಂದಿನಿಂದ ಒಂದು ಧ್ವನಿ ಬಂತು.

"ಅಳಿಯಂದ್ರ."

ನಾನು ಗಿರಿಜಾಳೇ ಅಣಕಿಸುತ್ತಿದ್ದಾಳೆ ಎಂದುಕೊಂಡು ತಿರುಗಿದೆ. ಗಿರಿಜಾ ಬಾಯಿ ತೆರೆದುಕೊಂಡು ಅವ್ವನನ್ನು ನೋಡುತ್ತಿದ್ದಳು. ಅತ್ತೆ ಸೆರಗನ್ನು ತುಸು ಸರಿಸಿ ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಹತ್ತು ವರ್ಷಗಳಲ್ಲಿ ಮೊದಲ ಬಾರಿಗೆ!

"ಒಂದ ತಿಂಗಳ ದಿನಾ ಕೇಳಿದ ಮಾತು ನನಗ ಗುರತ ಹತ್ತಂಗಿಲ್ಲೇನ್ರಿ?" ಎಂದರು ಬಲು ಮರ್ಯಾದೆಯಿಂದ. "ಅದು ಗುಡಿಯಿಂದ ಮನಿಗೆ ಬರೋ ದಾರಿ ಅಂತ ಗೊತ್ತಿತ್ತು ನನಗ. ಆದ್ರ ಕಾಲು ಬಾಳ ನೋಯಾಕತ್ತಿದ್ವು, ಗಂಟಲ ಆರಿತ್ತು. ಮುಂಜಾನಿಂದ ನೀವು ಅಷ್ಟೆಲ್ಲಾ ಹೇಳಿದ್ರಿ. ಅಷ್ಟರಾಗ ಒಳಗ ಹೋಗಿ ಕುಂದರ್ರಿ, ನೀರು ಕೇಳ್ರಿ ಅನ್ನೋದೊಂದ ನನಗ ಉಪಯೋಗಕ್ಕ ಬರೋ ಮಾತು ಅನಿಸ್ತು. ಅದಕ್ಕ ಹ್ವಾದೆ. ನಿಮ್ಮ ದಾರಿ ನಿಮಗ ಗೊತ್ತೈತಿ, ಹುಡಿಕ್ಕೊಂಡು ಬರ್ತೀರಂತ ಕುಂತಿದ್ದೆ."

ಇಷ್ಟು ಹೇಳಿ ಸೆರಗನ್ನು ಮತ್ತೆ ಎಳೆದುಕೊಂಡು, ಮಗಳ ಹೆಗಲಿಗೆ ಒರಗಿ ಕಣ್ಣು ಮುಚ್ಚಿದರು. ಗಿರಿಜಾಳ ಹೆಗಲು ನಗುವಿನಿಂದ ಅಲುಗುತ್ತಿತ್ತು. ಸುಬ್ರಹ್ಮಣ್ಯನಿಗೆ ವ್ಯಾನನ್ನು ರಸ್ತೆಯ ಬದಿಗೆ ನಿಲ್ಲಿಸಿಯೇ ನಗಬೇಕಾಯಿತು. ಅಹಮದಾಬಾದಿನವರೆಗೆ ನಾನು ಒಂದು ಮಾತೂ ಆಡಲಿಲ್ಲ.

ಮರುದಿನ ಆಫೀಸಿನಲ್ಲಿ ರಮಣಭಾಯಿಯ ಬಳಿ ಹೋಗಿ ಒಂದು ತಿದ್ದುಪಡಿ ಮಾಡಿದೆ. ಗೈಡಿನ ಬಾಯಿಗೂ ಗುಂಡಿ ಇರುತ್ತದೆ ಸಾಹೇಬರೇ, ಎಲ್ಲಿದೆ ಎಂದು ಅವನ ಅತ್ತೆಗೆ ಮಾತ್ರ ಗೊತ್ತಿರುತ್ತದೆ ಎಂದೆ.